ಏಪ್ರಿಲ್ ಕೊನೆಗೆ ತೀರ್ಥನ್ ಕಣಿವೆಗೆ ಹೊರಟಿದ್ದೇವೆ, ಜುಜುರಾಣಾ ಕಾಣಿಸುತ್ತಾ?

ಹಾಸನ_ಹೈದ
ಎಲ್ಲರಿಗೂ ನಮಸ್ಕಾರ. ನಾಲ್ಕು ಜನ ಗೆಳೆಯರು ಬೆಂಗಳೂರಿಂದ ಏಪ್ರಿಲ್ ಕೊನೇ ವಾರ ಹಿಮಾಚಲಕ್ಕೆ ಹೊರಟಿದ್ದೇವೆ. ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್, ತೀರ್ಥನ್ ಕಡೆಯಿಂದ ಒಳಗೆ ಹೋಗುವುದು. ಗುಶೈನಿ, ರೋಲಾ, ಅಲ್ಲಿಂದ ಮೇಲೆ ಶಿಲ್ಟ್. ಕಾರಣ ಒಂದೇ, ಜುಜುರಾಣಾ. ಅದೇ ವೆಸ್ಟರ್ನ್ ಟ್ರಾಗೋಪಾನ್, ನಮ್ಮ ಕಾಡುಕೋಳಿಯ ಕುಟುಂಬದ ಬೆಟ್ಟದ ಹಕ್ಕಿ.

ಈಗ ತೊಂದರೆ ಏನೆಂದರೆ, ಫೋನಿನಲ್ಲಿ ಸಿಕ್ಕ ಒಬ್ಬ ಗೈಡ್ "ಸ್ಪೀಕರ್ ತರುತ್ತೇನೆ, ರೆಕಾರ್ಡ್ ಮಾಡಿದ ಕೂಗು ಹಾಕಿದರೆ ಗಂಡು ಹೊರಗೆ ಬಂದೇ ಬರುತ್ತದೆ, ಗ್ಯಾರಂಟಿ" ಅಂದ. ಇನ್ನೊಬ್ಬ "ಕೂಗು ಕೇಳಿಸಬಹುದು, ಹಕ್ಕಿ ಕಾಣುವುದು ನಿಮ್ಮ ಅದೃಷ್ಟ, ನಾನು ಏನೂ ಬರೆದುಕೊಡುವುದಿಲ್ಲ" ಅಂದ. ಮೊದಲನೆಯವನ ರೇಟು ಜಾಸ್ತಿ. ನಮ್ಮ ಗುಂಪಿನಲ್ಲಿ ಇಬ್ಬರು ಅವನೇ ಬೇಕು ಅಂತ ಕೂತಿದ್ದಾರೆ. ಅಷ್ಟು ದೂರ ಹೋಗಿ ಹಕ್ಕಿ ನೋಡದೆ ಬಂದರೆ ದುಡ್ಡು, ರಜೆ ಎರಡೂ ದಂಡ ಅಲ್ವಾ ಅನ್ನುವುದು ಅವರ ವಾದ. ಹೋಗಿ ಬಂದವರು ಏನು ಹೇಳುತ್ತೀರಿ?

ಕ್ಯಾಮೆರಾ_ಕಿಟ್ಟಿ
ಗುರು, ಸ್ಪೀಕರ್ ಇರುವವನನ್ನೇ ಹಿಡಿ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ. ಎರಡು ನಿಮಿಷ ಕೂಗು ಹಾಕಿದರೆ ಹಕ್ಕಿ ಸಾಯುವುದಿಲ್ಲ.

ದುರ್ಬೀನು
ಸಾಯುವುದಿಲ್ಲ ಸರಿ. ಆದರೆ ಆ ಎರಡು ನಿಮಿಷದಲ್ಲಿ ಏನಾಗುತ್ತದೆ ಅಂತಲೂ ಹೇಳಿ ಕಿಟ್ಟಿ ಸರ್.

ಏಪ್ರಿಲ್ ಮೇ ತಿಂಗಳು ಈ ಹಕ್ಕಿ ಜೋಡಿ ಹುಡುಕುವ, ಗೂಡು ಕಟ್ಟುವ ಕಾಲ. ಗಂಡು ಬೆಳಗಿನ ಜಾವ ಕೂಗುವುದು "ಈ ಜಾಗ ನನ್ನದು" ಅಂತ. ಅಲ್ಲಿ ನೀವು ಇನ್ನೊಂದು ಗಂಡಿನ ಕೂಗು ಹಾಕಿದರೆ ಅದು ಮೇಯುವುದನ್ನೂ ಹೆಣ್ಣನ್ನೂ ಬಿಟ್ಟು, ಇಲ್ಲದ ವೈರಿಯನ್ನು ಹುಡುಕಿಕೊಂಡು ಬಯಲಿಗೆ ಬರುತ್ತದೆ. ಅಲ್ಲಿ ಮುಂಗುಸಿಯ ಹಾಗಿರುವ ಬೇಟೆಗಾರ ಮಾರ್ಟೆನ್ ಇದೆ, ಚಿರತೆ ಬೆಕ್ಕು ಇದೆ, ಮೇಲೆ ಗಿಡುಗ ಇದೆ. ಇವತ್ತು ನೀವು ನಾಲ್ಕು ಜನ, ನಾಳೆ ಇನ್ನೊಂದು ನಾಲ್ಕು ಜನ, ಅದೇ ದಾರಿ, ಅದೇ ಗುಡ್ಡ, ಅದೇ ಗಂಡು. ಶಿಲ್ಟ್ ದಾರಿಯಲ್ಲಿ ಸುಲಭಕ್ಕೆ ಸಿಗುವ ಗಂಡುಗಳು ನೂರಾರು ಇಲ್ಲ.

ಇಡೀ ಪ್ರಪಂಚದಲ್ಲೇ ಐದು ಸಾವಿರಕ್ಕಿಂತ ಕಡಿಮೆ ಅನ್ನುವ ಅಂದಾಜಿರುವ ಹಕ್ಕಿ ಇದು. ಪಾಕಿಸ್ತಾನದ ಹಜಾರಾ ಕಡೆಯಿಂದ ಶುರುವಾಗಿ ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಗಢವಾಲ್‌ವರೆಗೆ, ಅದೂ ತುಂಡುತುಂಡಾಗಿ. ಬೇರೆಲ್ಲೂ ಇಲ್ಲ.

ಇನ್ನೊಂದು ವಿಷಯ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಪ್ರಾಣಿಗಳನ್ನು ಕೆಣಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಸ್ಪೀಕರ್ ಹಾಕುವುದು ಕೆಣಕುವುದಲ್ಲ ಅಂತ ವಾದ ಮಾಡುವವರು ರೇಂಜರ್ ಎದುರಿಗೆ ಮಾಡಿ ನೋಡಲಿ.

ಬಯಲುಸೀಮೆ_ಬಸ್ಯಾ
ಪಾಪ ಹಾಸನದವರು ಕಾಣಿಸುತ್ತಾ ಅಂತ ಕೇಳಿದರು, ನೀವು ಜೈಲು ತೋರಿಸುತ್ತಿದ್ದೀರಿ 😄

ಹೊಸಬೆಳಕು
ಇದೇ ತಾನೇ ನೀವು ಹೇಳುವ ಹಕ್ಕಿ? ನನ್ನ ಫೋನಿನಲ್ಲಿ ಯಾರೋ ಕಳಿಸಿದ್ದ ಫೋಟೋ. ಎದೆ ಹೊಟ್ಟೆ ಎಲ್ಲ ಕೆಂಪು, ಮೇಲೆ ಬಿಳಿ ಚುಕ್ಕೆ. ಎಂಥ ಚಂದ! ಕೆಳಗೆ "ಹಿಮಾಚಲದ ರಾಜ್ಯ ಪಕ್ಷಿ" ಅಂತ ಬರೆದಿದೆ.

ದುರ್ಬೀನು
ಅದು ಸಟೈರ್ ಟ್ರಾಗೋಪಾನ್ ಮೇಡಂ. ನೇಪಾಳ, ಸಿಕ್ಕಿಂ, ಭೂತಾನ್ ಕಡೆಯದು, ಉತ್ತರಾಖಂಡದಲ್ಲೂ ಇದೆ. ಫೋಟೋ ಬಹುಶಃ ಯಾವುದೋ ಮೃಗಾಲಯದ್ದು. ನಮ್ಮ ಜುಜುರಾಣಾಗೆ ಹೊಟ್ಟೆ ಕಪ್ಪು, ಅದರ ಮೇಲೆ ದುಂಡಗಿನ ಬಿಳಿ ಚುಕ್ಕೆ. ತಲೆ ಕಪ್ಪು, ಕತ್ತಿನ ಹಿಂದೆ ಕೆಂಪು, ಮುಂದೆ ಕಿತ್ತಳೆ, ಕಣ್ಣಿನ ಸುತ್ತ ಬೋಳು ಕೆಂಪು, ಗಂಟಲು ನೀಲಿ. ಹೆಣ್ಣು ಪೂರ್ತಿ ಬೂದು ಕಂದು, ಎಲೆಕಸದಲ್ಲಿ ಕೂತರೆ ಕಾಲಿಗೆ ಸಿಗುವವರೆಗೆ ಗೊತ್ತಾಗುವುದಿಲ್ಲ.

ಟ್ರಾಗೋಪಾನ್‌ಗಳಲ್ಲಿ ಒಟ್ಟು ಐದು ಜಾತಿ. ಇವುಗಳಲ್ಲಿ ಅಪಾಯದ ಅಂಚಿನ ಪಟ್ಟಿಯಲ್ಲಿ ಇದರ ಜೊತೆಗೆ ಈಶಾನ್ಯ ಭಾರತದ ಬ್ಲೈತ್ಸ್, ಚೀನಾದ ಕ್ಯಾಬಟ್ಸ್ ಕೂಡ ಇವೆ.

ಹೊಸಬೆಳಕು
ಸರಿ ಸರ್, ಆದರೂ ನನಗೆ ಕೆಂಪು ಹೊಟ್ಟೆಯದೇ ಚಂದ.

ತುಂಗಾತೀರ
ಹಿಮಾಚಲದ ರಾಜ್ಯ ಪಕ್ಷಿ ಮೊನಾಲ್ ಅಲ್ವಾ? ಸ್ಕೂಲಿನಲ್ಲಿ ಓದಿದ ನೆನಪು.

ದಿಲ್ಲಿ_ಕನ್ನಡತಿ
2007ರಲ್ಲಿ ಬದಲಾಯಿಸಿದರು. ಮೊನಾಲ್ ಈಗ ಉತ್ತರಾಖಂಡದ್ದು, ನೇಪಾಳದ್ದು. ಜುಜುರಾಣಾಗೆ ರಾಜ್ಯ ಪಕ್ಷಿ ಪಟ್ಟ ಕಟ್ಟಿದ್ದೇ ಜನ ಅದರ ಹೆಸರು ಕೇಳಲಿ, ಕಾಪಾಡಲಿ ಅಂತ. ಅಲ್ಲಿನ ಹಳ್ಳಿಗಳಲ್ಲಿ ಒಂದು ಕತೆ ಹೇಳುತ್ತಾರೆ. ದೇವರು ಈ ಹಕ್ಕಿಯನ್ನು ಮಾಡುವಾಗ ಲೋಕದ ಎಲ್ಲ ಹಕ್ಕಿಗಳಿಂದ ಒಂದೊಂದು ಗರಿ ತರಿಸಿಕೊಂಡನಂತೆ.

ಹಾಸನದವರೇ, ನಾನು ಮೇ ಮೊದಲ ವಾರದಲ್ಲಿ ಅದೇ ದಾರಿಯಲ್ಲಿ ಹೋಗಿದ್ದೆ. ಒಂದು ಮಾತು ಮೊದಲೇ ತಿಳಿದುಕೊಳ್ಳಿ. ರೋಲಾ ಸುಮಾರು 2100 ಮೀಟರ್, ಶಿಲ್ಟ್ 3100ರ ಆಸುಪಾಸು. ಒಂದೇ ಏರು. ದಮ್ಮು ಹೋಗುತ್ತದೆ. ಬೇಸಿಗೆಯಲ್ಲಿ ಹಕ್ಕಿ ಇರುವುದು 2400ರಿಂದ 3600 ಮೀಟರ್ ಒಳಗೆ, ಖರ್ಸು ಓಕ್, ಫರ್, ಸ್ಪ್ರೂಸ್ ಮರಗಳಿರುವ ಕಡೆ. ಕೆಳಗೆ ರಿಂಗಾಲ್ ಬಿದಿರು ಹೇಗೆ ಹೆಣೆದುಕೊಂಡಿರುತ್ತದೆ ಎಂದರೆ ಮೂರು ಮಾರು ಆಚೆ ಹಸು ನಿಂತಿದ್ದರೂ ಕಾಣುವುದಿಲ್ಲ. ನಾವು ಬೆಳಕು ಹರಿಯುವ ಮೊದಲೇ ಎದ್ದು ಗುಡ್ಡದ ಏಣಿನ ಮೇಲೆ ಕೂತೆವು. ಕತ್ತಲಲ್ಲಿ ಕೂಗು ಶುರುವಾಯಿತು. ತಾಯಿ ಬಿಟ್ಟುಹೋದ ಆಡಿನ ಮರಿ ಅತ್ತ ಹಾಗೆ, "ವ್ಯಾಆ... ವ್ಯಾಆ..." ಅಂತ. ಒಂದು ಎಡಗಡೆಯಿಂದ, ಇನ್ನೊಂದು ಹಳ್ಳದ ಆಚೆಯಿಂದ. ಬಿಸಿಲು ಬರುವಷ್ಟರಲ್ಲಿ ಎರಡೂ ನಿಂತವು. ಹಕ್ಕಿ ಕಾಣಲಿಲ್ಲ. ಮೊನಾಲ್ ಮಾತ್ರ ಬೇಕಾದಷ್ಟು ಕಂಡಿತು, ಅದಕ್ಕೆ ನಾಚಿಕೆ ಇಲ್ಲ. ಕೊಕ್ಲಾಸ್ ಅನ್ನುವ ಇನ್ನೊಂದು ಹಕ್ಕಿಯೂ ದಾರಿ ದಾಟಿತು.

ದಂಡ ಆಯಿತು ಅಂತ ನನಗಂತೂ ಅನ್ನಿಸಲಿಲ್ಲ. ನಿಮ್ಮ ಇಬ್ಬರು ಗೆಳೆಯರಿಗೆ ಅನ್ನಿಸಬಹುದು. ಅಂಥವರನ್ನು ಮನಾಲಿಗೆ ಕಳಿಸಿ, ಶಿಲ್ಟ್‌ಗೆ ಕರೆದುಕೊಂಡು ಹೋಗಬೇಡಿ.

ಕ್ಯಾಮೆರಾ_ಕಿಟ್ಟಿ
ಮೇಡಂ ದಿಲ್ಲಿಯಲ್ಲಿದ್ದಾರೆ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಔಟ್ ಅನ್ನುವ ಊರಿನಲ್ಲಿ ಇಳಿಯುತ್ತಾರೆ. ನಮಗೆ ಬೆಂಗಳೂರಿಂದ ಹೋಗುವುದು ಜೀವಮಾನದಲ್ಲಿ ಒಂದು ಸಲ. "ಕೂಗು ಕೇಳಿ ಖುಷಿಯಾಯಿತು" ಅನ್ನುವುದು ಮತ್ತೆ ಮತ್ತೆ ಹೋಗುವವರ ಶೋಕಿ. ಜೊತೆಗೆ ಒಂದು ಒಳ್ಳೆ ಫೋಟೋ ಹತ್ತು ಸಾವಿರ ಜನರನ್ನು ಮುಟ್ಟುತ್ತದೆ. ಹುಲಿ ಉಳಿದದ್ದು ಹೇಗೆ? ಜನ ನೋಡಿದ್ದಕ್ಕೆ. ಕಾಣದ ಹಕ್ಕಿಗೆ ಯಾರು ಮರುಗುತ್ತಾರೆ?

ದುರ್ಬೀನು
ಹುಲಿ ಉಳಿದದ್ದು ಜನ ನೋಡಿದ್ದಕ್ಕಲ್ಲ, ಬೇಟೆ ನಿಲ್ಲಿಸಿದ್ದಕ್ಕೆ, ಕಾಡು ಬಿಟ್ಟುಕೊಟ್ಟದ್ದಕ್ಕೆ. ಜುಜುರಾಣಾದ ಒಳ್ಳೆ ಫೋಟೋಗಳು ಈಗಾಗಲೇ ಹತ್ತು ಇವೆ ಅಂತಿಟ್ಟುಕೊಳ್ಳಿ. ಹನ್ನೊಂದನೆಯದರಿಂದ ಏನು ಹೊಸದಾಗಿ ಕಾಪಾಡಿದ ಹಾಗಾಯಿತು?

ಕ್ಯಾಮೆರಾ_ಕಿಟ್ಟಿ
ಹನ್ನೊಂದನೆಯದು ನನ್ನದು ಅಲ್ವಾ, ಅದೇ ವ್ಯತ್ಯಾಸ.

ಬಯಲುಸೀಮೆ_ಬಸ್ಯಾ
ಕಿಟ್ಟಿ ಅಣ್ಣ ಕೊನೆಗೂ ನಿಜ ಹೇಳಿದರು.

ತುಂಗಾತೀರ
ಸ್ಪೀಕರ್ ಬಗ್ಗೆ ಇಷ್ಟು ಕೂಗಾಡುತ್ತೀರಿ, ಅಲ್ಲಿನ ಹಳ್ಳಿಯವರು ಅದೇ ಏಪ್ರಿಲ್ ಮೇ ತಿಂಗಳಲ್ಲಿ ಗುಚ್ಛಿ ಅಣಬೆ ಆರಿಸಲು ಗುಂಪುಗುಂಪಾಗಿ ಅದೇ ಕಾಡಿಗೆ ನುಗ್ಗುತ್ತಾರಲ್ಲ, ಅದಕ್ಕೆ ಯಾರೂ ಮಾತಾಡುವುದಿಲ್ಲ. ಒಣಗಿಸಿದ ಗುಚ್ಛಿ ಕಿಲೋಗೆ ಹತ್ತು ಸಾವಿರದ ಮೇಲಿದೆ. ಹೆಂಗಸರು ಮಕ್ಕಳು ನಾಯಿ ಎಲ್ಲ ಸೇರಿ ನೆಲ ಕೆದಕುತ್ತಾ ಹೋಗುತ್ತಾರೆ. ಕುರಿ ಮೇಕೆ ಬೇರೆ. ಚಳಿಗಾಲದಲ್ಲಿ ಹಕ್ಕಿ ಹಿಮಕ್ಕೆ ಹೆದರಿ ಕೆಳಗಿಳಿದಾಗ ಉರುಳು ಇಟ್ಟು ಹಿಡಿಯುತ್ತಾರೆ. ಇಷ್ಟೆಲ್ಲದರ ಮುಂದೆ ಪ್ರವಾಸಿಯ ಎರಡು ನಿಮಿಷ ಯಾವ ಲೆಕ್ಕ?

ಬಿಳಿಗಿರಿ_ಗಾಳಿ
ಇದನ್ನು ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. ನಾನು ಹಲವು ವರ್ಷ ಬಿಆರ್ ಹಿಲ್ಸ್‌ನಲ್ಲಿ ಸೋಲಿಗರ ಜೊತೆ ಕೆಲಸ ಮಾಡಿದವನು. ಬೇರೆ ಬೆಟ್ಟ, ಅದೇ ಮಾತು. ಕಾಡಿಗೆ ತೊಂದರೆ ಆದಾಗಲೆಲ್ಲ ಮೊದಲು ಬೆರಳು ಹೋಗುವುದು ಕಾಡಿನ ಪಕ್ಕ ಇರುವವನ ಕಡೆಗೆ.

ಆ ಪಾರ್ಕ್ ಇತಿಹಾಸ ಸ್ವಲ್ಪ ನೋಡಿ. 1984ರಲ್ಲಿ ಮೊದಲ ಅಧಿಸೂಚನೆ, 1999ರಲ್ಲಿ ಅಂತಿಮ. ಅವತ್ತಿಗೆ ಮೇಯಿಸುವುದು, ಗುಚ್ಛಿ ಆರಿಸುವುದು, ಔಷಧಿ ಬೇರು ತೆಗೆಯುವುದು ಎಲ್ಲ ಬಂದ್. ಪರಿಹಾರ ಸಿಕ್ಕಿದ್ದು ಬ್ರಿಟಿಷರ ಕಾಲದ ಹಳೆ ದಾಖಲೆಯಲ್ಲಿ ಯಾರ ಹಿರಿಯರ ಹೆಸರಿತ್ತೋ ಆ ಮನೆಗಳಿಗೆ. ಕಾಗದದಲ್ಲಿ ಹೆಸರಿಲ್ಲದೆ ಕಾಡನ್ನೇ ನಂಬಿದ್ದ ಬಡವರಿಗೆ ಏನೂ ಇಲ್ಲ. ಅದೇ 1999ರ ಅಂತಿಮ ಆದೇಶದಲ್ಲೇ ಜೀವಾನಾಲ್ ಕಣಿವೆಯ ಸುಮಾರು 10 ಚದರ ಕಿಲೋಮೀಟರ್ ಜಾಗವನ್ನು ಪಾರ್ಕ್‌ನಿಂದ ಕತ್ತರಿಸಿ ಪಾರ್ವತಿ ಜಲವಿದ್ಯುತ್ ಯೋಜನೆಗೆ ಬಿಟ್ಟರು. ಕುರಿಗೆ ಗೇಟು ಮುಚ್ಚಿತು, ಡೈನಮೈಟಿಗೆ ತೆರೆಯಿತು. ಈಗ ಹೇಳಿ ತುಂಗಾತೀರ, ಯಾರ ಲೆಕ್ಕ ಮೊದಲು ಕೇಳಬೇಕು?

ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲಿನ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದರಿಂದ ಹುಲಿ ಓಡಿಹೋಗಲಿಲ್ಲ.

ತುಂಗಾತೀರ
ಡ್ಯಾಮ್ ಸರಿ ಅಂತ ನಾನೆಲ್ಲಿ ಅಂದೆ? ಹಕ್ಕಿಗೆ ಉರುಳು ಹಾಕಿದವನು ಬಡವ ಅಂದ ಮಾತ್ರಕ್ಕೆ ಉರುಳು ಸಡಿಲ ಆಗುವುದಿಲ್ಲ. ನಮ್ಮ ಕೊಪ್ಪದ ಕಡೆ ಕಾಡುಕೋಳಿಗೆ ಉರುಳಿಡುವವರಲ್ಲಿ ಬಡವರು ಎಷ್ಟು, ಕಾರಲ್ಲಿ ಬರುವವರು ಎಷ್ಟು ಅಂತ ನೋಡಿದ್ದೇನೆ.

ಬಿಳಿಗಿರಿ_ಗಾಳಿ
ನಿಮ್ಮ ಎರಡನೇ ವಾಕ್ಯವೇ ನನ್ನ ವಾದ.

ದಿಲ್ಲಿ_ಕನ್ನಡತಿ
ಗುಚ್ಛಿಯ ವಿಷಯದಲ್ಲಿ ಇಬ್ಬರೂ ಅರ್ಧ ಸರಿ. ಗೂಡು ಕಟ್ಟುವ ಹೊತ್ತಿಗೆ ನೂರಾರು ಜನ ಕಾಡಿನಲ್ಲಿ ಓಡಾಡಿದರೆ ಹಕ್ಕಿಗೆ ತೊಂದರೆ ಆಗುವುದು ನಿಜ, ಪಾರ್ಕ್ ಬರುವ ಮೊದಲೇ ಸಂಶೋಧಕರು ಇದನ್ನು ಬರೆದಿದ್ದಾರೆ. ಆದರೆ ಅದು ಬರೀ ನಿಷೇಧದಿಂದ ನಿಲ್ಲುವ ಕೆಲಸ ಅಲ್ಲ. ಅಲ್ಲಿ ಊರಿನ ಹೆಂಗಸರು ಉಳಿತಾಯ ಗುಂಪು ಕಟ್ಟಿಕೊಂಡು ಎರೆಗೊಬ್ಬರ ಮಾರಿದರು, ಗಂಡಸರು ಟ್ರೆಕ್ಕಿಗೆ ಅಡುಗೆ, ಪೋರ್ಟರ್ ಕೆಲಸಕ್ಕೆ ಬಂದರು. ನಮ್ಮ ಜೊತೆ ಬಂದಿದ್ದ ಅಡುಗೆಯವರು "ಹಿಂದೆ ನಾನೂ ಗುಚ್ಛಿಗೆ ಹೋಗುತ್ತಿದ್ದೆ, ಈಗ ಆ ಸೀಸನ್‌ನಲ್ಲಿ ನಿಮ್ಮಂಥವರು ಬರುತ್ತೀರಿ" ಅಂದರು. ನಕ್ಕುಕೊಂಡೇ ಅಂದರು. ಅಂದರೆ ಗುಚ್ಛಿಯ ಜಾಗಕ್ಕೆ ನಾವು ಬಂದಿದ್ದೇವೆ. ಈಗ ನಾವೂ ಸ್ಪೀಕರ್ ಹಿಡಿದು ಹೋದರೆ ಹಕ್ಕಿಗೆ ಏನು ಸಿಕ್ಕಿದ ಹಾಗಾಯಿತು?

ಧಾರವಾಡ_ಮಾಸ್ತರ
ಎಲ್ಲಾ ಓದಿದೆ ರೀ. ಒಂದು ಸಂಶಯ. ಹಕ್ಕಿಯನ್ನು ಪಂಜರದಲ್ಲಿ ಬೆಳೆಸಿ ಕಾಡಿಗೆ ಬಿಡುವ ಕೆಲಸ ನಡೆದಿದೆ ಅಂತ ಪೇಪರಿನಲ್ಲಿ ಓದಿದ್ದೆ. ಅದು ಆಗಿಬಿಟ್ಟರೆ ಈ ಜಗಳ ಯಾಕೆ?

ಕಾಜಾಣ
ಮಾಸ್ತರೇ, ಅದು ಶಿಮ್ಲಾ ಜಿಲ್ಲೆಯ ಸರಾಹನ್‌ನಲ್ಲಿ. ಭೀಮಾಕಾಳಿ ದೇವಸ್ಥಾನ ಇದೆಯಲ್ಲ, ಅದೇ ಊರು. ಹಿಮಾಚಲ ಅರಣ್ಯ ಇಲಾಖೆ ನಡೆಸುವ ಕೇಂದ್ರ, ಕೇಂದ್ರ ಮೃಗಾಲಯ ಪ್ರಾಧಿಕಾರದ ದುಡ್ಡೂ ಇದೆ. ಈ ಜಾತಿಯನ್ನು ಪಂಜರದಲ್ಲಿ ಬೆಳೆಸಿ ಮರಿ ಮಾಡಿಸಿದ ಜಾಗ ಅಂತ ಹೇಳಿದರೆ ಅದೊಂದೇ.

ಆದರೆ ಇದು ಫಾರಂ ಕೋಳಿ ಅಲ್ಲ ನೋಡಿ. ಫೆಸೆಂಟ್ ಅಂದರೆ ಈ ಕಾಡುಕೋಳಿ, ನವಿಲಿನ ಥರದ ಹಕ್ಕಿಗಳು; ಬೇರೆ ಫೆಸೆಂಟ್‌ಗಳು ಹೆಚ್ಚಾಗಿ ನೆಲದ ಮೇಲೆ ಗೂಡು ಮಾಡಿದರೆ ಟ್ರಾಗೋಪಾನ್‌ಗಳು ಮರದ ಮೇಲೆ ಮಾಡುತ್ತವೆ. ಮೂರರಿಂದ ಐದು ಮೊಟ್ಟೆ, ನಾಲ್ಕು ವಾರ ಕಾವು. ತಿನ್ನುವುದು ಎಲೆ, ಚಿಗುರು, ಹಣ್ಣು, ಜೊತೆಗೆ ಸ್ವಲ್ಪ ಹುಳ. ಬರೀ ಕಾಳು ಹಾಕಿದರೆ ಮೈಗೆ ಹತ್ತುವುದಿಲ್ಲ. ಸ್ವಲ್ಪ ಗಲಾಟೆಯಾದರೂ ಬೆದರಿ ಜಾಲರಿಗೆ ತಲೆ ಹೊಡೆದುಕೊಳ್ಳುತ್ತವೆ. ಗಂಡು ಹೆಣ್ಣು ಹೊಂದಿಕೊಳ್ಳದಿದ್ದರೆ ಗಂಡು ಹೆಣ್ಣನ್ನೇ ಕುಕ್ಕಿ ಗಾಯ ಮಾಡುತ್ತದೆ. ಹಾಗಾಗಿ ಒಳಗೆ ಪೊದೆ, ಮರದ ಕೊಂಬೆ ಇಟ್ಟು ಹೆಣ್ಣಿಗೆ ಅಡಗುವ ಜಾಗ ಮಾಡಿಕೊಡಬೇಕು. ಇದನ್ನೆಲ್ಲ ಕಲಿಯುವುದಕ್ಕೇ ವರ್ಷಗಳು ಹಿಡಿದವು. 2000ರ ದಶಕದ ಮಧ್ಯದಿಂದ ಮರಿಗಳು ಉಳಿಯಲು ಶುರುವಾದವು. ಮೊದಲಿಗೆ ತಂದ ಹಕ್ಕಿಗಳು ಬೆರಳೆಣಿಕೆಯಷ್ಟು, ಹಾಗಾಗಿ ಒಂದೇ ರಕ್ತ ಸುತ್ತುವ ಚಿಂತೆ ಇದ್ದೇ ಇದೆ. 2020ರ ಹೊತ್ತಿಗೆ ಪಕ್ಕದ ದರಂಘಾಟಿ ಅಭಯಾರಣ್ಯದಲ್ಲಿ ಕೆಲವನ್ನು ಬಿಟ್ಟು ನೋಡಿದರು.

ಇದು ನಿಧಾನದ ಕೆಲಸ. ಕಾಡಿನಲ್ಲಿರುವುದನ್ನು ಕಳೆದುಕೊಂಡು ಇದರಿಂದ ತುಂಬುತ್ತೇವೆ ಅನ್ನುವ ಹಾಗಿಲ್ಲ.

ಕ್ಯಾಮೆರಾ_ಕಿಟ್ಟಿ
ಪಂಜರದಲ್ಲಿಟ್ಟು ತಲೆ ಹೊಡೆಸಿದರೆ ಸಂರಕ್ಷಣೆ, ನಾನು ಸ್ಪೀಕರ್ ಹಾಕಿದರೆ ಅಪರಾಧ. ಚೆನ್ನಾಗಿದೆ.

ಕಾಜಾಣ
ಅದನ್ನೂ ಪ್ರಶ್ನೆ ಮಾಡಿದವರಿದ್ದಾರೆ ಕಿಟ್ಟಿ. ಚೀರ್ ಫೆಸೆಂಟ್ ಕತೆ ನೋಡಿ, ಅದೂ ಇದರ ಹಾಗೇ ಅಪಾಯದಲ್ಲಿರುವ ಹಕ್ಕಿ. ಇಸ್ಲಾಮಾಬಾದ್ ಪಕ್ಕದ ಮಾರ್ಗಲಾ ಬೆಟ್ಟದಲ್ಲಿ ಇಂಗ್ಲೆಂಡಿನಿಂದ ಮೊಟ್ಟೆ ತರಿಸಿ, ಮರಿ ಮಾಡಿ, ವರ್ಷಗಟ್ಟಲೆ ಬಿಟ್ಟರು. ನೆಲೆಯೂರಲಿಲ್ಲ. ಬಿಡುವುದು ಸುಲಭ, ನರಿಗೆ ಹೆದರುವುದನ್ನು ಕಲಿಸುವುದು ಕಷ್ಟ. ಸರಾಹನ್ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ತೋರಿಸಿ ಕಾಡಿನ ವಿಷಯದಲ್ಲಿ ಕೈ ತೊಳೆದುಕೊಳ್ಳಬಾರದು ಅಷ್ಟೇ.

ಧಾರವಾಡ_ಮಾಸ್ತರ
ಸರಿ ರೀ, ತಿಳಿಯಿತು. ಗಂಡು ಹೆಣ್ಣನ್ನು ಕುಕ್ಕುವ ವಿಷಯ ನಮ್ಮ ಮನೆಯಲ್ಲಿ ಉಲ್ಟಾ ಇದೆ.

ಬಯಲುಸೀಮೆ_ಬಸ್ಯಾ
ಮಾಸ್ತರ 😂😂 ಮನೆಯವರು ಈ ಗುಂಪಿನಲ್ಲಿ ಇಲ್ಲ ತಾನೇ?

ಹೊಸಬೆಳಕು
ಕುಲ್ಲು ಟೋಪಿಗೆ ಹಕ್ಕಿ ಗರಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು ಇದರದ್ದಾ?

ದಿಲ್ಲಿ_ಕನ್ನಡತಿ
ಅಲ್ಲ, ಅದು ಮೊನಾಲ್ ಗಂಡಿನ ತಲೆಯ ಜುಟ್ಟು. ಕಲ್ಗಿ ಅನ್ನುತ್ತಾರೆ. ಹಿಂದೆ ಮದುವೆ, ಮೇಳಕ್ಕೆ ಅದಿಲ್ಲದೆ ಟೋಪಿ ಇಲ್ಲ. ಬೇಟೆ ನಿಷೇಧ ಬಂದ ಮೇಲೆ ಹಳೆ ಕಲ್ಗಿಗಳನ್ನೇ ಮನೆಯಲ್ಲಿ ಜೋಪಾನ ಮಾಡುತ್ತಾರೆ, ಪಕ್ಕದ ಮನೆಗೆ ಸಾಲ ಕೊಡುವುದೂ ಇದೆ. ನಕಲಿ ಕಲ್ಗಿಯೂ ಬಂದಿದೆ.

ತುಂಗಾತೀರ
ನಮ್ಮ ಕಾಡುಕೋಳಿ ಹುಂಜದ ಕತ್ತಿನ ಗರಿಗೂ ಇದೇ ಕತೆ. ವಿಲಾಯಿತಿಯಲ್ಲಿ ಮೀನು ಹಿಡಿಯುವ ಗಾಳಕ್ಕೆ ನೊಣದ ಹಾಗೆ ಕಟ್ಟಲು ಆ ಗರಿ ಬೇಕಂತೆ. ಒಂದು ಕಾಲದಲ್ಲಿ ಇಲ್ಲಿಂದ ಚೀಲಗಟ್ಟಲೆ ಹೋಗುತ್ತಿತ್ತು. ಎಲ್ಲಿಯ ಮೀನು, ಎಲ್ಲಿಯ ಕೋಳಿ!

ಹಾವೇರಿ_ಹುಡುಗ
ಫೆಸೆಂಟ್ ಜಾತಿಯಲ್ಲೇ ನವಿಲೂ ಬರುತ್ತದೆ ಅಲ್ವಾ? ನಮ್ಮ ಬಂಕಾಪುರ ಕೋಟೆಗೆ ಬನ್ನಿ, ನವಿಲಿಗೇ ಅಂತ ಕಾಪಾಡಿದ ಜಾಗ. ಸ್ಪೀಕರ್ ಬೇಡ, ಗೈಡ್ ಬೇಡ, ಶೇಂಗಾ ಹೊಲದಲ್ಲಿ ನಿಂತರೆ ಸಾಕು. ಬೇಕಾದರೆ ನಾಲ್ಕು ಹಿಮಾಚಲಕ್ಕೆ ತೆಗೆದುಕೊಂಡು ಹೋಗಿ, ನಮ್ಮ ಬೆಳೆ ಉಳಿಯಲಿ.

ಬಿಳಿಗಿರಿ_ಗಾಳಿ
ನವಿಲು, ಕಾಡುಕೋಳಿ, ಗೌಜಲಕ್ಕಿ ಎಲ್ಲ ಒಂದೇ ಕುಟುಂಬ. ನಮ್ಮವು ಹೊಲದ ಅಂಚಿನಲ್ಲೂ ಬದುಕುತ್ತವೆ. ಜುಜುರಾಣಾಗೆ ಆ ಎತ್ತರದ ಹಳೆ ಕಾಡೇ ಬೇಕು, ಅದೇ ಅದರ ಕಷ್ಟ.

ರೈಲುಪೇಟೆ_ರಂಗ
ಇನ್ನೂ ಒಂದು ಹೇಳುತ್ತೇನೆ ಕೇಳಿ. ಹಿಮಾಲಯನ್ ಕ್ವೇಲ್ ಅಂತ ಒಂದು ಹಕ್ಕಿ ಇತ್ತು. ಮಸ್ಸೂರಿ, ನೈನಿತಾಲ್ ಕಡೆ. 1876ರ ನಂತರ ಖಚಿತವಾಗಿ ಯಾರೂ ನೋಡಿಲ್ಲ. ಜುಜುರಾಣಾ ನೋಡಿ ಬರುವಾಗ ಅದನ್ನೂ ಹುಡುಕಿಕೊಂಡು ಬನ್ನಿ ಹಾಸನದವರೇ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ.

ಕ್ಯಾಮೆರಾ_ಕಿಟ್ಟಿ
ಅದರ ಕೂಗಿನ ರೆಕಾರ್ಡಿಂಗ್ ಸಿಕ್ಕರೆ ಕಳಿಸಿ.

ಮಾಜಿ_ಸೈನಿಕ_ಮಡಿಕೇರಿ
ನಾನು ಕಾಶ್ಮೀರದ ಉರಿ ಸೆಕ್ಟರ್‌ನಲ್ಲಿ ಡ್ಯೂಟಿ ಮಾಡಿದವನು. ಅದರ ಹತ್ತಿರವೇ ಲಿಂಬರ್ ಅಂತ ಕಾಡು. ಆ ಕಾಡಿನ ಸಾಲಿನಲ್ಲೂ ಈ ಹಕ್ಕಿ ಇದೆ, ಮಾರ್ಕೋರ್ ಅನ್ನುವ ತಿರುಚು ಕೊಂಬಿನ ಕಾಡುಮೇಕೆಯೂ ಇದೆ. ಬೆಳಗಿನ ಗಸ್ತಿನಲ್ಲಿ ಆ ಕೂಗು ಕೇಳಿ ಹೊಸ ಹುಡುಗರು "ಸಾಬ್, ಯಾರೋ ಮೇಕೆ ತಪ್ಪಿಸಿಕೊಂಡಿದೆ" ಅನ್ನುತ್ತಿದ್ದರು. ಅಲ್ಲಿಯ ಗುಜ್ಜರ್ ಮುದುಕರು ಹಕ್ಕಿ ಅಂತ ಹೇಳಿದ ಮೇಲೆ ಗೊತ್ತಾಯಿತು. ಗಡಿಯ ಆಚೆಗೂ ಅದೇ ಕಾಡು ಮುಂದುವರಿಯುತ್ತದೆ. ಹಕ್ಕಿಗೆ ನಮ್ಮ ಗೆರೆ ಗೊತ್ತಿಲ್ಲ.

ಕಾಜಾಣ
ಆಚೆ ಪಾಕಿಸ್ತಾನದ ಕೊಹಿಸ್ತಾನದಲ್ಲಿರುವ ಪಾಲಸ್ ಕಣಿವೆಯಲ್ಲಿ ಒಳ್ಳೆ ಸಂಖ್ಯೆ ಇದೆ ಸರ್. ತೊಂಬತ್ತರ ದಶಕದಲ್ಲಿ ಅಲ್ಲಿ ಊರಿನ ಜನರನ್ನು ಸೇರಿಸಿಕೊಂಡು ಕಾಡು ಉಳಿಸುವ ಯೋಜನೆಯೂ ನಡೆಯಿತು. ಹಕ್ಕಿಗಾಗಿ ಶುರುವಾದ ಯೋಜನೆಯಲ್ಲಿ ಕಾಲುಸೇತುವೆ, ನೀರಿನ ಕಾಲುವೆ ರಿಪೇರಿ ಎಲ್ಲ ಇತ್ತು. ಜನಕ್ಕೆ ಬೇಕಾದದ್ದು ಅದೇ ಅಲ್ವಾ.

ಬಯಲುಸೀಮೆ_ಬಸ್ಯಾ
ತೀರ್ಥನ್‌ನಲ್ಲಿ ಟ್ರೌಟ್ ಮೀನು ಸಿಗುತ್ತೆ ಅಂತಾರೆ, ಅದರ ಬಗ್ಗೆ ಯಾರಾದರೂ ಹೇಳಿ. ಹಕ್ಕಿ ಕಾಣದಿದ್ದರೂ ಊಟ ಸರಿ ಇರಬೇಕು.

ದಿಲ್ಲಿ_ಕನ್ನಡತಿ
ಸಿಗುತ್ತೆ. ಬ್ರಿಟಿಷರು ತಂದು ಬಿಟ್ಟ ಮೀನು. ಹಿಡಿಯುವುದಕ್ಕೆ ಲೈಸೆನ್ಸ್ ಬೇಕು, ತಿನ್ನುವುದಕ್ಕೆ ಬೇಡ. ತೀರ್ಥನ್ ಹೊಳೆಯಲ್ಲಿ ಇನ್ನೂ ಟ್ರೌಟ್ ಇದೆ ಅಂದರೆ ಅಲ್ಲಿ ಜಲವಿದ್ಯುತ್ ಯೋಜನೆ ಬೇಡ ಅಂತ ಊರಿನವರೇ ಕೋರ್ಟಿಗೆ ಹೋಗಿ ನಿಲ್ಲಿಸಿದ್ದಕ್ಕೆ. ಪಕ್ಕದ ಸೈಂಜ್ ಕಣಿವೆಯ ಕತೆ ಬೇರೆ, ಅಲ್ಲಿ ಯೋಜನೆ ಬಂತು. 2023ರ ಜುಲೈ ಪ್ರವಾಹದಲ್ಲಿ ಸೈಂಜ್ ಬಜಾರಿನ ಅಂಗಡಿಗಳು ಕೊಚ್ಚಿಹೋದದ್ದು ನೋಡಿದ್ದೀರಿ.

ಗುಡ್ಡದ_ಲೆಕ್ಕ
ತಡವಾಗಿ ಬಂದೆ, ಆದರೆ ಸ್ಪೀಕರ್ ವಿಷಯಕ್ಕೆ ವಾಪಸ್ ಬರುತ್ತೇನೆ. ಹಿಮಾಚಲದಲ್ಲಿ ಫೆಸೆಂಟ್ ಎಣಿಕೆಗೆ ಸ್ವಯಂಸೇವಕನಾಗಿ ಹೋಗಿದ್ದೆ. ಎಣಿಕೆ ಹೇಗೆ ಮಾಡುತ್ತಾರೆ ಅಂತ ಗೊತ್ತಾದರೆ ಕಿಟ್ಟಿ ಅವರಿಗೂ ವಿಷಯ ಅರ್ಥ ಆಗಬಹುದು.

ಈ ಹಕ್ಕಿಯನ್ನು ನೋಡಿ ಎಣಿಸಲು ಆಗುವುದೇ ಇಲ್ಲ. ಕೇಳಿ ಎಣಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ, ಮೊದಲೇ ಗೊತ್ತು ಮಾಡಿದ ಜಾಗಗಳಲ್ಲಿ, ಕತ್ತಲಿರುವಾಗಲೇ ಒಬ್ಬೊಬ್ಬರು ನಿಲ್ಲುತ್ತೇವೆ. ಕೂಗು ಬಂದ ಕೂಡಲೇ ಗಂಟೆ, ದಿಕ್ಸೂಚಿ ತೋರಿಸಿದ ದಿಕ್ಕು, ಅಂದಾಜು ದೂರ ಬರೆಯಬೇಕು. ಆಚೆ ಗುಡ್ಡದ ಮೇಲೆ ನಿಂತವನೂ ಅದೇ ಬರೆಯುತ್ತಾನೆ. ಆಮೇಲೆ ಇಬ್ಬರ ಗೆರೆಗಳನ್ನು ನಕ್ಷೆಯ ಮೇಲೆ ಎಳೆದು, ನಾನು ಕೇಳಿದ್ದು ಅವನು ಕೇಳಿದ್ದು ಒಂದೇ ಹಕ್ಕಿಯಾ ಎರಡಾ ಅಂತ ನೋಡುವುದು. 1979-80ರಲ್ಲಿ ಟೋನಿ ಗ್ಯಾಸ್ಟನ್, ಪೀಟರ್ ಗಾರ್ಸನ್ ಅವರ ತಂಡ ಹಿಮಾಚಲ ಸುತ್ತಿದಾಗಿಂದ ಲೆಕ್ಕಕ್ಕೆ ಕಿವಿಯೇ ಆಧಾರ. ಆ ಸಮೀಕ್ಷೆಯೇ ಈ ಪಾರ್ಕ್ ಹುಟ್ಟುವುದಕ್ಕೆ ಒಂದು ಕಾರಣ.

ಈಗ ಸ್ಪೀಕರ್ ಬಂದರೆ ಏನಾಗುತ್ತದೆ? ನಾವು ಕತ್ತಲಲ್ಲಿ ನಿಂತು ಕೇಳಿದ ಕೂಗು ಹಕ್ಕಿಯದಾ, ಕೆಳಗಿನ ಕ್ಯಾಂಪಿನ ಬ್ಲೂಟೂತ್‌ದಾ? ಒಂದು ಬೆಳಿಗ್ಗೆ ನಮಗೆ ಹಾಗೇ ಆಯಿತು. ಎರಡು ಕಡೆಯವರೂ ಬರೆದುಕೊಂಡ "ಗಂಡು" ಸರಿಯಾಗಿ ಒಂದೇ ಅಂತರದಲ್ಲಿ, ಒಂದೇ ಏರಿಳಿತದಲ್ಲಿ ಕೂಗುತ್ತಿತ್ತು. ನಿಜವಾದ ಹಕ್ಕಿ ಹಾಗೆ ಕೂಗುವುದಿಲ್ಲ, ನಡುವೆ ಬಿಡುತ್ತದೆ, ಬೇಸರ ಬಂದರೆ ನಿಲ್ಲಿಸುತ್ತದೆ. ಆ ಬೆಳಗಿನ ಹಾಳೆಯನ್ನು ಪೂರ್ತಿ ಬಿಸಾಡಬೇಕಾಯಿತು. ಇನ್ನೊಂದು ಬೇಸರ, ಸ್ಪೀಕರ್ ಕೂಗಿದ ಆ ಮಗ್ಗುಲಿನಲ್ಲಿ ಮಾರನೇ ದಿನ ನಿಜವಾದ ಗಂಡೂ ಕೂಗಲಿಲ್ಲ. ಹೆದರಿತೋ, ಜಾಗ ಬದಲಿಸಿತೋ, ಸುಮ್ನೆ ಕೂತಿತ್ತೋ ನನಗೆ ಗೊತ್ತಿಲ್ಲ. ನಮ್ಮ ಲೆಕ್ಕದಲ್ಲಂತೂ ಅಲ್ಲಿ ಸೊನ್ನೆ.

ಈ ಹಕ್ಕಿಯ ಬಗ್ಗೆ ನಮಗೆ ಗೊತ್ತಿರುವುದರ ಹೆಚ್ಚಿನ ಪಾಲು ಆ ಕೂಗಿನಿಂದ ಬಂದದ್ದು. ಅದನ್ನೇ ಕಲಬೆರಕೆ ಮಾಡಿದರೆ ಉಳಿಯುವುದೇನು?

ಕ್ಯಾಮೆರಾ_ಕಿಟ್ಟಿ
ಎಣಿಕೆ ನಡೆಯುವ ದಿನ ಯಾರೂ ಒಳಗೆ ಬರಬಾರದು ಅಂತ ಗೇಟಿನಲ್ಲಿ ಬೋರ್ಡ್ ಹಾಕಿ. ಅದು ಇಲಾಖೆ ಕೆಲಸ, ನನ್ನದಲ್ಲ. ಆದರೂ ಈ ಕಲಬೆರಕೆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ಹೊತ್ತು ಹಕ್ಕಿಗೆ ನೋವು, ಹಕ್ಕಿಗೆ ನೋವು ಅನ್ನುವುದಕ್ಕಿಂತ ಇದು ತೂಕದ ಮಾತು.

ದುರ್ಬೀನು
ಹಕ್ಕಿಗೆ ನೋವು ಅನ್ನುವುದೂ ತೂಕದ ಮಾತೇ.

ಹಾಸನ_ಹೈದ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಗುಂಪಿನಲ್ಲಿ ಗುಡ್ಡದ_ಲೆಕ್ಕ ಅವರ ಮಾತು ಓದಿಸಿದೆ. ಒಬ್ಬ ಒಪ್ಪಿದ. ಇನ್ನೊಬ್ಬ ಈಗ ಮನಾಲಿ ಅನ್ನುತ್ತಿದ್ದಾನೆ 🙂 ಎರಡನೇ ಗೈಡ್‌ಗೆ ಅಡ್ವಾನ್ಸ್ ಹಾಕಿದ್ದೇವೆ.

ಇನ್ನೊಂದು ಪ್ರಶ್ನೆ. ಗೂಡಿನ ಕಾಲದಲ್ಲಿ ಹೋಗುವುದೇ ತಪ್ಪಾ? ನವೆಂಬರ್‌ಗೆ ಬದಲಾಯಿಸಿದರೆ ಹೇಗೆ?

ಗುಡ್ಡದ_ಲೆಕ್ಕ
ದಾರಿ ಬಿಡದೆ, ನಾಯಿ ಇಲ್ಲದೆ, ಗಲಾಟೆ ಇಲ್ಲದೆ ಹೋದರೆ ಏಪ್ರಿಲ್‌ನಲ್ಲಿ ತಪ್ಪಿಲ್ಲ. ಪೊದೆಯೊಳಗೆ ನುಗ್ಗಬೇಡಿ, ಕೂತ ಕಡೆ ಕೂತಿರಿ. ನವೆಂಬರ್‌ನಲ್ಲಿ ಹಕ್ಕಿ ಕೆಳಗಿನ ಕಾಡಿಗೆ ಇಳಿಯಲು ಶುರು ಮಾಡಿರುತ್ತದೆ, ಆದರೆ ಕೂಗುವುದಿಲ್ಲ. ಹಾಗಾಗಿ ಎಲ್ಲಿದೆ ಅಂತ ತಿಳಿಯುವುದು ಇನ್ನೂ ಕಷ್ಟ. ಆಕಾಶ ಮಾತ್ರ ತಿಳಿಯಾಗಿರುತ್ತದೆ, ಮೊನಾಲ್ ಫೋಟೋ ಚೆನ್ನಾಗಿ ಬರುತ್ತದೆ.

ಕಾಜಾಣ
ಏಪ್ರಿಲ್‌ನಲ್ಲೇ ಹೋಗಿ. ಮರದ ಕೊಂಬೆಗಳನ್ನೂ ನೋಡುತ್ತಾ ನಡೆಯಿರಿ, ಎಲ್ಲರೂ ನೆಲ ನೋಡುತ್ತಾರೆ. ಇದು ಮರ ಹತ್ತಿ ಚಿಗುರು ತಿನ್ನುವ ಹಕ್ಕಿ.

ಹಾಸನ_ಹೈದ
ಸರಿ ಸರ್. ಪರ್ಮಿಟ್ ಎಲ್ಲಿ ಮಾಡಿಸಬೇಕು? ಎಟಿಎಂ ಎಲ್ಲಿದೆ?

ದಿಲ್ಲಿ_ಕನ್ನಡತಿ
ಪರ್ಮಿಟ್ ಸಾಯಿ ರೋಪಾದ ಅರಣ್ಯ ಇಲಾಖೆ ಕೇಂದ್ರದಲ್ಲಿ, ಗುಶೈನಿಗೆ ಹೋಗುವ ದಾರಿಯಲ್ಲೇ. ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ದುಡ್ಡು ಬಂಜಾರ್‌ನಲ್ಲೇ ತೆಗೆದುಕೊಳ್ಳಿ, ಮುಂದೆ ನಂಬಬೇಡಿ. ಮೇಲೆ ನೆಟ್‌ವರ್ಕ್ ಇಲ್ಲ, ಮನೆಗೆ ಮೊದಲೇ ಹೇಳಿ ಹೋಗಿ.

ಬಯಲುಸೀಮೆ_ಬಸ್ಯಾ
ಮನಾಲಿಗೆ ಹೋಗುವವನ ಸೀಟು ಖಾಲಿ ಇದ್ದರೆ ನಾನು ಬರುತ್ತೇನೆ. ಟ್ರೌಟ್ ಖರ್ಚು ನನ್ನದು.